‘ಒಬ್ಲೈಜ್ಡ್’ ಎಂದರೆ ಆಭಾರಿಯೋ, ಬಾಧ್ಯನೋ? ಪತ್ರಕ್ಕೆ ಸಹಿ ಹಾಕುವ ಮುನ್ನ ಓದಿ

ಇಂಗ್ಲಿಷ್ ಪತ್ರ ಬರೆಯುವ ಬಗ್ಗೆ ಯಾರ ಜೊತೆ ಮಾತಿಗೆ ಕುಳಿತರೂ ಒಂದು ಪದದ ಪ್ರಶ್ನೆ ಬಂದೇ ಬರುತ್ತದೆ. ಅದು ‘ಒಬ್ಲೈಜ್ಡ್’. ರಜೆ ಅರ್ಜಿಯ ಕೊನೆಯಲ್ಲಿ ‘ಅಂಡ್ ಒಬ್ಲೈಜ್’ ಎಂದು ಏಕೆ ಬರೆಯುತ್ತಾರೆ ಎಂದು ಒಬ್ಬರು ಕೇಳುತ್ತಾರೆ. ಬ್ಯಾಂಕಿನ ಪತ್ರದಲ್ಲಿ ‘ವಿ ಆರ್ ಒಬ್ಲೈಜ್ಡ್’ ಎಂದಿದ್ದನ್ನು ಕಂಡು, ಬ್ಯಾಂಕು ತಮಗೆ ಕೃತಜ್ಞತೆ ಹೇಳುತ್ತಿದೆ ಎಂದು ಇನ್ನೊಬ್ಬರು ಹಿಗ್ಗುತ್ತಾರೆ. ಪೂರ್ತಿ ಓದಿದರೆ ಖಾತೆಯನ್ನು ತಡೆಹಿಡಿಯಬೇಕಾಗಿದೆ ಎಂಬ ಎಚ್ಚರಿಕೆ ಅದು! ಹೈಕೋರ್ಟಿನ ಕಲಾಪವನ್ನು ಯೂಟ್ಯೂಬ್‌ನಲ್ಲಿ ನೋಡುವವರದು ಮತ್ತೊಂದು ಪ್ರಶ್ನೆ: ನ್ಯಾಯಮೂರ್ತಿಗಳು ಮುಂದಿನ ತಾರೀಖು ಕೊಟ್ಟ ಕೂಡಲೇ ವಕೀಲರು ತಲೆಬಾಗಿ ‘ಒಬ್ಲೈಜ್ಡ್’ ಎನ್ನುತ್ತಾರಲ್ಲ, ಅದು ‘ಅಪ್ಪಣೆ’ ಎಂದೇ, ‘ಉಪಕಾರವಾಯಿತು’ ಎಂದೇ?

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಉಪಕಾರವಾಯಿತು ಎಂದೇ ಅರ್ಥ. ಉಳಿದವಕ್ಕೆ ಹಂತ ಹಂತವಾಗಿ ಹೋಗೋಣ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ನೀವು ಈಚೆಗೆ ಬರೆದ ಒಂದು ಇಂಗ್ಲಿಷ್ ಅರ್ಜಿ ಅಥವಾ ಇಮೇಲ್ ಎದುರಿಗಿರಲಿ. ಜೊತೆಗೆ ಮೂರು ಕನ್ನಡ ಪದಗಳು ನೆನಪಿನಲ್ಲಿರಲಿ: ಬಾಧ್ಯ, ಆಭಾರಿ, ಹಂಗು. ಮಾಡಲೇಬೇಕಾದ ಕಟ್ಟಿಗೆ ಒಳಗಾದವನು ಬಾಧ್ಯ. ಉಪಕಾರದ ಭಾರ ಹೊತ್ತವನು ಆಭಾರಿ. ಆ ಭಾರ ಕಿರಿಕಿರಿ ಎನಿಸತೊಡಗಿದರೆ ಅದು ಹಂಗು. ಇಂಗ್ಲಿಷಿನವರು ಈ ಮೂರನ್ನೂ ಒಂದೇ ಪದದಲ್ಲಿ ತುರುಕಿ ಇಟ್ಟಿದ್ದಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಹಂತ 1: ಪದದ ಬುಡದಲ್ಲಿರುವ ಗಂಟನ್ನು ನೋಡಿ

ಲ್ಯಾಟಿನ್ ಭಾಷೆಯಲ್ಲಿ ‘ಲಿಗಾರೆ’ ಎಂದರೆ ಕಟ್ಟುವುದು. ಅದರ ಹಿಂದೆ ‘ಕಡೆಗೆ’ ಎಂಬರ್ಥದ ‘ಒಬ್’ ಸೇರಿ ‘ಒಬ್ಲಿಗಾರೆ’ ಆಯಿತು, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಮಂಡಿಯ ಲಿಗಮೆಂಟ್ ಹರಿದು ಆಟಗಾರ ಸರಣಿಯಿಂದ ಹೊರಗುಳಿದ ಎಂದು ಕ್ರಿಕೆಟ್ ಸುದ್ದಿಯಲ್ಲಿ ಓದುತ್ತೀರಲ್ಲ, ಮೂಳೆಗೆ ಮೂಳೆ ಕಟ್ಟುವ ಆ ಲಿಗಮೆಂಟ್ ಇದೇ ಬೇರಿನದು. ಸಾಲದ ಕಾಗದದಲ್ಲಿ ಕಾಣುವ ‘ಲಯಬಲ್’, ಚುನಾವಣೆ ಸುದ್ದಿಯ ‘ಅಲಯನ್ಸ್’ ಕೂಡ ದಾಯಾದಿಗಳೇ.

ಇಂಗ್ಲಿಷಿನಲ್ಲಿ ಇದು ಮೊದಲು ಆಣೆ, ಕರಾರು, ಕಾನೂನಿನಿಂದ ಕಟ್ಟಿಹಾಕುವ ಪದವಾಗಿತ್ತು. ಉಪಕಾರ ಮಾಡಿ ಕಟ್ಟಿಹಾಕುವುದು ಎಂಬ ಅರ್ಥ ಆಮೇಲೆ ಬೆಳೆಯಿತು. ಪೋರ್ಚುಗೀಸರಲ್ಲಿ ಈ ಎರಡನೆಯ ಅರ್ಥ ಎಷ್ಟು ಗಟ್ಟಿಯಾಯಿತೆಂದರೆ ಅವರು ದಿನವಿಡೀ ಹೇಳುವ ಧನ್ಯವಾದವೇ ಇದು: ಗಂಡಸು ‘ಒಬ್ರಿಗಾದು’ ಎನ್ನುತ್ತಾನೆ, ಹೆಂಗಸು ‘ಒಬ್ರಿಗಾದಾ’ ಎನ್ನುತ್ತಾಳೆ. ಮೂಲಾರ್ಥದಲ್ಲಿ ‘ನಾನು ಕಟ್ಟುಬಿದ್ದೆ’ ಎಂದಷ್ಟೇ.

ನಮಗೆ ಇದು ಹೊಸದೇನೂ ಆಗಬೇಕಿಲ್ಲ. ‘ಮಾತಿಗೆ ಕಟ್ಟುಬಿದ್ದು ಬಂದೆ’ ಎನ್ನುವಾಗ ಕರ್ತವ್ಯದ ಕಟ್ಟು. ‘ಋಣಾನುಬಂಧ’ ಎನ್ನುವಾಗ ಉಪಕಾರದ ಬಂಧ. ಹಗ್ಗ ಒಂದೇ. ಅದರ ಇನ್ನೊಂದು ತುದಿಯನ್ನು ಯಾವುದಕ್ಕೆ ಕಟ್ಟಿದ್ದಾರೆ ಎಂದು ನೋಡುವ ಅಭ್ಯಾಸವಾದರೆ ಈ ಪದ ಎಂದೂ ಕೈಕೊಡುವುದಿಲ್ಲ.

ಹಂತ 2: ‘ಟು’ ಆದ ಮೇಲೆ ಏನಿದೆ ಎಂದು ನೋಡಿ

ಇಡೀ ಲೇಖನದಲ್ಲಿ ಒಂದೇ ಸಂಗತಿ ನೆನಪಿಡುವಷ್ಟು ಪುರುಸೊತ್ತು ಇದ್ದರೆ ಇದನ್ನು ನೆನಪಿಡಿ. ‘ಒಬ್ಲೈಜ್ಡ್ ಟು’ ಎಂಬುದರ ಮುಂದೆ ಕ್ರಿಯಾಪದ ಬಂದರೆ ಬಾಧ್ಯತೆ. ವ್ಯಕ್ತಿ ಬಂದರೆ ಕೃತಜ್ಞತೆ.

‘ಐ ಆಮ್ ಒಬ್ಲೈಜ್ಡ್ ಟು ಪೇ’ ಎಂದರೆ ಕಟ್ಟಲೇಬೇಕು, ಬೇರೆ ದಾರಿಯಿಲ್ಲ. ‘ಪೇ’ ಕ್ರಿಯಾಪದ.

‘ಐ ಆಮ್ ಒಬ್ಲೈಜ್ಡ್ ಟು ಯು’ ಎಂದರೆ ನಿಮಗೆ ಆಭಾರಿ. ‘ಯು’ ವ್ಯಕ್ತಿ.

ಕೃತಜ್ಞತೆ ಯಾವುದಕ್ಕಾಗಿ ಎಂದು ಹೇಳಬೇಕಿದ್ದರೆ ಹಿಂದೆಯೇ ‘ಫಾರ್’ ಬರುತ್ತದೆ: ‘ಒಬ್ಲೈಜ್ಡ್ ಟು ಯು ಫಾರ್ ಯುವರ್ ಹೆಲ್ಪ್’. ಈ ‘ಫಾರ್’ ಜಾಗದಲ್ಲಿ ‘ಟು’ ಹಾಕಿ ‘ಒಬ್ಲೈಜ್ಡ್ ಟು ಯುವರ್ ಹೆಲ್ಪ್’ ಎಂದು ಬರೆಯುವವರಿದ್ದಾರೆ. ‘ನಿಮ್ಮ ಸಹಾಯಕ್ಕೆ ಆಭಾರಿ’ ಎಂಬ ಕನ್ನಡದ ‘ಗೆ-ಕ್ಕೆ’ ಪ್ರತ್ಯಯ ಒಳಗಿನಿಂದ ತಳ್ಳುವುದರಿಂದ ಹೀಗಾಗುತ್ತದೆ. ಕನ್ನಡದಲ್ಲಿ ಜನಕ್ಕೂ ಕೆಲಸಕ್ಕೂ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಜನಕ್ಕೆ ‘ಟು’, ಅವರು ಮಾಡಿದ ಕೆಲಸಕ್ಕೆ ‘ಫಾರ್’.

ಅನುಮಾನವಿದ್ದರೆ ಒಂದು ಪರೀಕ್ಷೆ ಮಾಡಿ. ವಾಕ್ಯವನ್ನು ಕನ್ನಡಕ್ಕೆ ತಂದು ಕೊನೆಗೆ ‘ಲೇಬೇಕು’ ಹಚ್ಚಿ ನೋಡಿ. ‘ತಿಳಿಸಲೇಬೇಕು’, ‘ಕಟ್ಟಲೇಬೇಕು’, ‘ಹೋಗಲೇಬೇಕು’ ಎಂದು ಹೊಂದಿಕೊಂಡರೆ ಅದು ಬಾಧ್ಯತೆ. ‘ವಿ ಆರ್ ಒಬ್ಲೈಜ್ಡ್ ಟು ಇನ್‌ಫಾರ್ಮ್ ಯು’ ಎಂದು ಶುರುವಾಗುವ ಪತ್ರ ಬಂದರೆ ಕಾಫಿ ಕೆಳಗಿಟ್ಟು ಪೂರ್ತಿ ಓದಿ. ‘ನಿಮಗೆ ತಿಳಿಸಲೇಬೇಕಾಗಿದೆ’ ಎಂದು ಅವರು ಹೇಳುತ್ತಿದ್ದಾರೆ. ಅಂಥ ಪತ್ರದಲ್ಲಿ ಒಳ್ಳೆಯ ಸುದ್ದಿ ಇರುವುದು ಕಡಿಮೆ.

ಎಚ್ಚರಿಕೆ: ಈ ಹಂತದಲ್ಲಿ ಆಗುವ ಅತಿ ದೊಡ್ಡ ಅನಾಹುತ ‘ಐ’ ಬದಲು ‘ಯು’ ಹಾಕುವುದು. ‘ಯು ಆರ್ ಒಬ್ಲೈಜ್ಡ್ ಟು ಗ್ರಾಂಟ್ ಮಿ ಲೀವ್’ ಎಂದು ಬರೆದರೆ ನೀವು ವಿನಂತಿ ಮಾಡುತ್ತಿಲ್ಲ. ‘ನನಗೆ ರಜೆ ಕೊಡಲು ನೀವು ಬಾಧ್ಯರು’ ಎಂದು ಮೇಲಧಿಕಾರಿಗೆ ಆಜ್ಞೆ ಹೊರಡಿಸುತ್ತಿದ್ದೀರಿ. ಬರೆದವರ ಮನಸ್ಸಿನಲ್ಲಿ ಇದ್ದದ್ದು ಅಪ್ಪಟ ವಿನಯ, ಕಾಗದದ ಮೇಲೆ ಇಳಿದದ್ದು ಕಾರ್ಮಿಕ ಸಂಘದ ನೋಟಿಸು. ಉಪಕಾರ ಪಡೆಯುವವರು ನೀವಾದ್ದರಿಂದ ಕಟ್ಟುಬೀಳಬೇಕಾದವರೂ ನೀವೇ. ‘ಐ’ ಇರಲಿ.

ಹಂತ 3: ಬಾಧ್ಯತೆ ಎಂದಾದರೆ, ಕಟ್ಟಿದವರು ಯಾರು ಎಂದು ಕೇಳಿ

ಎಲ್ಲ ‘ಲೇಬೇಕು’ಗಳೂ ಒಂದೇ ತೂಕದವಲ್ಲ. ಕಾನೂನು ಕಟ್ಟಿರಬಹುದು: ಮನೆ ಬಾಡಿಗೆ ಕರಾರಿನಲ್ಲಿ ‘ದ ಟೆನೆಂಟ್ ಈಸ್ ಒಬ್ಲೈಜ್ಡ್ ಟು’ ಎಂದು ಬಂದರೆ ಅದು ಬಾಡಿಗೆದಾರನ ತಲೆಯ ಮೇಲಿನ ಹೊರೆ, ಸಹಿ ಹಾಕುವ ಮುನ್ನ ಓದಬೇಕಾದ ಜಾಗ. ಪರಿಸ್ಥಿತಿ ಕಟ್ಟಿರಬಹುದು: ಮಳೆ ನಿಲ್ಲಲಿಲ್ಲ, ಕಾರ್ಯಕ್ರಮ ಮುಂದೂಡಲು ಒಬ್ಲೈಜ್ಡ್ ಆದೆವು. ದಾಕ್ಷಿಣ್ಯವೂ ಕಟ್ಟಿರಬಹುದು. ಅದಕ್ಕೆ ‘ಫೆಲ್ಟ್ ಒಬ್ಲೈಜ್ಡ್’ ಎನ್ನುತ್ತಾರೆ. ಪಕ್ಕದ ಮನೆಯವರು ಗೃಹಪ್ರವೇಶಕ್ಕೆ ಮೂರು ಸಲ ಬಂದು ಕರೆದರು, ಹೋಗುವ ಮನಸ್ಸಿಲ್ಲ, ಆದರೂ ಹೋದಿರಿ. ‘ಐ ಫೆಲ್ಟ್ ಒಬ್ಲೈಜ್ಡ್ ಟು ಗೋ.’ ಕನ್ನಡದಲ್ಲಿ ‘ಮುಲಾಜಿಗೆ ಬಿದ್ದು ಹೋದೆ’. ‘ಮುಲಾಜು’ ಪದಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಹತ್ತಿರ ಬರುವ ಇನ್ನೊಂದು ಪ್ರಯೋಗ ನನಗೆ ಕಂಡಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಸ್ವಲ್ಪ ನಿಂತು ನೋಡಬೇಕಾದದ್ದು. ಬ್ರಿಟಿಷ್ ಕಾನೂನು ತತ್ತ್ವಜ್ಞಾನಿ ಎಚ್. ಎಲ್. ಎ. ಹಾರ್ಟ್ 1961ರಲ್ಲಿ ಒಂದು ಉದಾಹರಣೆ ಕೊಟ್ಟ. ಬಂದೂಕುಧಾರಿಯೊಬ್ಬ ನಿಮ್ಮ ಎದುರು ನಿಂತು ‘ಹಣ ಕೊಡು, ಇಲ್ಲದಿದ್ದರೆ ಸುಡುತ್ತೇನೆ’ ಎನ್ನುತ್ತಾನೆ. ನೀವು ಕೊಡುತ್ತೀರಿ. ಆಗ ನೀವು ಹಣ ಕೊಡಲು ‘ಒಬ್ಲೈಜ್ಡ್’ ಆಗಿದ್ದಿರಿ ಎನ್ನಬಹುದು; ಆದರೆ ಹಣ ಕೊಡುವ ‘ಆಬ್ಲಿಗೇಶನ್’ ನಿಮಗಿತ್ತು ಎನ್ನಲಾಗದು. ಕ್ರಿಯಾಪದದಿಂದ ಬಂದ ‘ಒಬ್ಲೈಜ್ಡ್’ ಬರಿಯ ಬಲವಂತಕ್ಕೂ ಸಲ್ಲುತ್ತದೆ, ನಾಮಪದವಾದ ‘ಆಬ್ಲಿಗೇಶನ್’ ಒಂದು ನಿಯಮವನ್ನೋ ಕೊಟ್ಟ ಮಾತನ್ನೋ ಬೇಡುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಮೊದಲನೆಯದು ‘ಕೊಡದೆ ಗತಿಯಿರಲಿಲ್ಲ’, ಎರಡನೆಯದು ‘ಕೊಡುವ ಬಾಧ್ಯತೆಯಿತ್ತು’. ಅನುವಾದ ಮಾಡುವವರು ಎಲ್ಲ ಕಡೆಯೂ ‘ಬಾಧ್ಯ’ ಎಂದು ಹಾಕಿಬಿಟ್ಟರೆ ಕಳ್ಳನಿಗೂ ಸಾಲ ಕೊಟ್ಟವನಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಎಚ್ಚರಿಕೆ: ‘ನಾಟ್ ಒಬ್ಲೈಜ್ಡ್’ ಎಂದರೆ ‘ಮಾಡಬಾರದು’ ಎಂದಲ್ಲ, ‘ಮಾಡಬೇಕೆಂದೇನಿಲ್ಲ’ ಎಂದು. ಇಂಗ್ಲೆಂಡಿನ ಪೊಲೀಸರು ಹಿಂದೆ ಆರೋಪಿಗೆ ಹೇಳುತ್ತಿದ್ದ ಮುನ್ನೆಚ್ಚರಿಕೆಯ ಮೊದಲ ಮಾತೇ ‘ಯು ಆರ್ ನಾಟ್ ಒಬ್ಲೈಜ್ಡ್ ಟು ಸೇ ಎನಿಥಿಂಗ್’ ಎಂದಿತ್ತು. ಬಾಯಿ ಮುಚ್ಚು ಎಂದು ಗದರಿಸಿದ್ದಲ್ಲ. ಮಾತಾಡದಿರುವ ಹಕ್ಕು ನಿನಗಿದೆ ಎಂದು ತಿಳಿಸಿದ್ದು. ವಿಮೆ ಕಂಪನಿಯ ಕರಪತ್ರದಲ್ಲಿ ‘ಯು ಆರ್ ನಾಟ್ ಒಬ್ಲೈಜ್ಡ್ ಟು ಬೈ’ ಎಂದಿದ್ದರೆ ಕೊಳ್ಳಲೂಬಹುದು, ಬಿಡಲೂಬಹುದು.

ಹಂತ 4: ಕೃತಜ್ಞತೆ ಎಂದಾದರೆ, ತೂಕ ನೋಡಿ ಬಳಸಿ

ಒಳ್ಳೆಯ ರೇಷ್ಮೆ ಪಂಚೆ ಇದ್ದ ಹಾಗೆ ಈ ಪದ. ಮದುವೆಗೆ ಉಟ್ಟರೆ ಕಳೆ, ತರಕಾರಿ ತರಲು ಉಟ್ಟು ಹೋದರೆ ಜನ ತಿರುಗಿ ನೋಡುತ್ತಾರೆ. ಸಹೋದ್ಯೋಗಿ ಒಂದು ಕಡತ ಕಳಿಸಿದ್ದಕ್ಕೆ ‘ಮಚ್ ಒಬ್ಲೈಜ್ಡ್’ ಎಂದರೆ ವ್ಯಂಗ್ಯವೇನೋ ಎಂದು ಅವರು ಯೋಚಿಸಬಹುದು. ಅಲ್ಲಿ ‘ಥ್ಯಾಂಕ್ಸ್’ ಸಾಕು. ಯಾರೋ ತಮ್ಮ ಸಮಯ ಬಿಟ್ಟು, ಮಾಡಬೇಕಿರದ ಕೆಲಸವೊಂದನ್ನು ನಿಮಗಾಗಿ ಮಾಡಿಕೊಟ್ಟರೆ ಆಗ ‘ಒಬ್ಲೈಜ್ಡ್’ಗೆ ಸರಿಯಾದ ಜಾಗ.

‘ಮಚ್’ ಅನ್ನು ‘ಒಬ್ಲೈಜ್ಡ್’ ಜೊತೆ ಹಾಕುವುದು ಇಂಗ್ಲಿಷಿನ ಹಳೆಯ ರೂಢಿ. ‘ಹೈಲಿ ಒಬ್ಲೈಜ್ಡ್’ ನಮ್ಮ ದೇಶದ ಅರ್ಜಿಗಳಲ್ಲಿ ಹುಲುಸಾಗಿ ಬೆಳೆದದ್ದು. ಲಂಡನ್ನಿನ ಕಚೇರಿಗೆ ಬರೆಯುವಾಗ ಅದು ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ, ತಾಲ್ಲೂಕು ಕಚೇರಿಗೆ ಬರೆಯುವಾಗ ಯಾರೂ ಹುಬ್ಬೇರಿಸುವುದಿಲ್ಲ. ಓದುವವರು ಯಾರೆಂದು ನೋಡಿ ಆರಿಸಿಕೊಳ್ಳಿ. ‘ಗ್ರೇಟ್‌ಫುಲ್’ ಎಲ್ಲಿಯೂ ಸಲ್ಲುವ ನಾಣ್ಯ. ‘ಇಂಡೆಟೆಡ್’ ಎಂಬುದು ನಮ್ಮ ‘ಚಿರಋಣಿ’ಯ ಮಟ್ಟದ್ದು, ಪ್ರಾಣ ಉಳಿಸಿದ ವೈದ್ಯರಿಗೆ, ಓದಿಸಿದ ಗುರುಗಳಿಗೆ ಮೀಸಲಿಡಿ. ಅಂದ ಹಾಗೆ ಆ ಪದದ ಕಾಗುಣಿತದಲ್ಲಿ ಒಂದು ‘ಬಿ’ ಅಡಗಿದೆ, ಬಾಯಿಗೆ ಬರುವುದಿಲ್ಲ.

ವಿನಂತಿಗೆ ಬಳಸುವಾಗ ‘ಐ ವುಡ್ ಬಿ ಒಬ್ಲೈಜ್ಡ್ ಇಫ್ ಯು ಕುಡ್’ ಎಂದು ಶುರು ಮಾಡುತ್ತಾರೆ. ‘ತಾವು ಹೀಗೆ ಮಾಡಿದರೆ ನಾನು ಆಭಾರಿ’ ಎಂಬ ಗೌರವದ ಮಾತು. ಆದರೆ ಇದೇ ಚೌಕಟ್ಟನ್ನು ಇಂಗ್ಲಿಷರು ಸಿಟ್ಟನ್ನು ಅದುಮಿಕೊಂಡು ಗದರಿಸಲೂ ಬಳಸುತ್ತಾರೆ. ‘ಐ ವುಡ್ ಬಿ ಒಬ್ಲೈಜ್ಡ್ ಇಫ್ ಯು ವುಡ್ ಸ್ಟಾಪ್’ ಎಂದರೆ ‘ದಯವಿಟ್ಟು ಇನ್ನು ನಿಲ್ಲಿಸುತ್ತೀರಾ ಮಹಾರಾಯರೇ’ ಎಂಬ ಧಾಟಿ. ನಮ್ಮಲ್ಲಿ ‘ನಿಮಗೆ ದೊಡ್ಡ ನಮಸ್ಕಾರ’ ಎನ್ನುವಾಗ ಧ್ವನಿ ಬದಲಾದರೆ ಅರ್ಥವೂ ಬದಲಾಗುತ್ತದಲ್ಲ, ಹಾಗೆಯೇ. ಇಮೇಲ್‌ಗೆ ಧ್ವನಿಯಿಲ್ಲ. ಹಾಗಾಗಿ ಎರಡನೆಯ ಅಥವಾ ಮೂರನೆಯ ಸಲ ನೆನಪಿಸುವ ಇಮೇಲ್‌ನಲ್ಲಿ ಈ ವಾಕ್ಯ ಬೇಡ. ನೀವು ಕೈಮುಗಿದದ್ದು ಅವರಿಗೆ ಕೈ ತೋರಿಸಿದಂತೆ ಕಾಣಬಹುದು.

ಹಂತ 5: ರಜೆ ಅರ್ಜಿಯ ಕೊನೆಯ ಸಾಲನ್ನು ಬಿಚ್ಚಿ ನೋಡಿ

ಈಗ ಎಲ್ಲರೂ ಕಾಯುತ್ತಿದ್ದ ಜಾಗಕ್ಕೆ ಬಂದೆವು. ‘ಕೈಂಡ್ಲಿ ಗ್ರಾಂಟ್ ಮಿ ಲೀವ್ ಫಾರ್ ಟು ಡೇಸ್ ಅಂಡ್ ಒಬ್ಲೈಜ್.’ ಜ್ವರ ಬಂದಿತ್ತೋ ಅಜ್ಜಿ ಮನೆಗೆ ಹೋಗಿದ್ದೆವೋ, ಕರ್ನಾಟಕದ ಶಾಲೆಗಳಲ್ಲಿ ಓದಿದ ಬಹಳಷ್ಟು ಮಂದಿ ಈ ಸಾಲನ್ನು ಅರ್ಥ ಗೊತ್ತಿಲ್ಲದೆಯೇ ಬಾಯಿಪಾಠ ಮಾಡಿ ಬರೆದಿದ್ದೇವೆ. ನಾನು ಏಳನೆಯ ತರಗತಿಯವರೆಗೆ ‘ಅಂಡ್ ಒಬ್ಲೈಜ್’ ಎಂದರೆ ‘ಮತ್ತು ಒಪ್ಪಿಗೆ ಕೊಡಿ’ ಎಂದೇ ತಿಳಿದಿದ್ದೆ.

ಈ ಸಾಲು ಅಂತರದಲ್ಲಿ ನೇತಾಡುತ್ತಿರುವಂತೆ ಕಾಣಲು ಕಾರಣವಿದೆ. ಇಲ್ಲಿಯ ಅರ್ಥದಲ್ಲಿ ‘ಒಬ್ಲೈಜ್’ ಸಕರ್ಮಕ ಕ್ರಿಯಾಪದ, ಅಂದರೆ ‘ಯಾರನ್ನು’ ಎಂಬ ಪ್ರಶ್ನೆಗೆ ಉತ್ತರ ಬೇಡುವ ಕ್ರಿಯಾಪದ. ನಮ್ಮ ಅರ್ಜಿಯಲ್ಲಿ ಆ ಉತ್ತರ ಎಲ್ಲಿದೆ? ಹಿಂದಿನ ಕಾಲದ ಇಂಗ್ಲಿಷ್ ಪತ್ರದಲ್ಲಿ ಅದು ಇತ್ತು, ಅದೂ ಒಂದು ಸೊಗಸಾದ ಜಾಗದಲ್ಲಿ. ಆಗಿನವರು ಪತ್ರ ಮುಗಿಸುತ್ತಿದ್ದ ರೀತಿ ಹೀಗೆ:

ದಯವಿಟ್ಟು ಪುಸ್ತಕಗಳನ್ನು ಬೇಗ ಕಳಿಸಿ, ಅಂಡ್ ಒಬ್ಲೈಜ್
ಯುವರ್ ಒಬೀಡಿಯಂಟ್ ಸರ್ವೆಂಟ್
(ಸಹಿ)

‘ಒಬ್ಲೈಜ್’ ಆದ ಮೇಲೆ ಪೂರ್ಣವಿರಾಮ ಇಲ್ಲ, ಗಮನಿಸಿ. ವಾಕ್ಯ ಕೆಳಗಿನ ಸಾಲಿಗೆ ಇಳಿದು, ಸಹಿಯನ್ನೂ ಸೇರಿಸಿಕೊಂಡು ಮುಗಿಯುತ್ತದೆ. ‘ಪುಸ್ತಕ ಕಳಿಸಿ, ಆ ಮೂಲಕ ತಮ್ಮ ವಿಧೇಯ ಸೇವಕನಾದ ಇಂಥವನನ್ನು ಋಣದಲ್ಲಿ ಕಟ್ಟಿಹಾಕಿ’ ಎಂದು ಇಡೀ ಅರ್ಥ. ಪತ್ರದ ಸಹಿಯೇ ಆ ಕ್ರಿಯಾಪದದ ಕರ್ಮ! ನಮ್ಮ ಶಾಲೆಗಳಿಗೆ ಈ ಸಾಲು ಬರುವ ಹೊತ್ತಿಗೆ ನಡುವೆ ಪೂರ್ಣವಿರಾಮ ಬಿತ್ತು, ‘ಥ್ಯಾಂಕಿಂಗ್ ಯು’ ತೂರಿಕೊಂಡಿತು, ‘ಯುವರ್ಸ್ ಫೇತ್‌ಫುಲಿ’ ಪಕ್ಕಕ್ಕೆ ಹೋಯಿತು. ಕ್ರಿಯಾಪದ ಅನಾಥವಾಯಿತು. ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ನಾವು ಕನ್ನಡದಲ್ಲಿ ಬರೆಯುತ್ತೇವಲ್ಲ, ಆ ‘ವಿಧೇಯ’ನಲ್ಲಿ ಹಳೆಯ ‘ಒಬೀಡಿಯಂಟ್’ನ ನೆರಳು ಇನ್ನೂ ಇದೆ.

ಇದಕ್ಕೆ ನಮ್ಮಲ್ಲಿ ಒಂದು ಜೋಡಿ ಮಾತಿದೆ: ‘ಇದೊಂದು ಕೆಲಸ ಮಾಡಿಕೊಟ್ಟು ಪುಣ್ಯ ಕಟ್ಟಿಕೊಳ್ಳಿ.’ ರಚನೆ ಹೆಚ್ಚುಕಡಿಮೆ ಅದೇ, ಕೆಲಸ ಮಾಡಿ ಮತ್ತು ಇನ್ನೊಂದು ಫಲಕ್ಕೆ ಕಾರಣರಾಗಿ. ಲೆಕ್ಕಾಚಾರ ಮಾತ್ರ ಉಲ್ಟಾ. ಇಂಗ್ಲಿಷಿನಲ್ಲಿ ಕೇಳಿದವನ ಖಾತೆಗೆ ಸಾಲ ಬೀಳುತ್ತದೆ. ಕನ್ನಡದಲ್ಲಿ ಕೊಟ್ಟವನ ಖಾತೆಗೆ ಪುಣ್ಯ ಜಮಾ ಆಗುತ್ತದೆ, ಬೇಡಿದವನು ಹಗುರವಾಗಿ ಮನೆಗೆ ಹೋಗುತ್ತಾನೆ. ನಮ್ಮ ವ್ಯವಹಾರವೇ ನನಗೆ ಹೆಚ್ಚು ಜಾಣತನದ್ದಾಗಿ ಕಾಣುತ್ತದೆ.

ಹಾಗಾದರೆ ಈಗ ಏನು ಬರೆಯಬೇಕು? ಮೂರು ದಾರಿಗಳಿವೆ.

ಹಳೆಯ ಸಾಲನ್ನೇ ಉಳಿಸಿಕೊಳ್ಳಬೇಕೆಂದಿದ್ದರೆ ಕರ್ಮವನ್ನು ಮರಳಿ ಕೊಡಿ: ‘ಅಂಡ್ ಒಬ್ಲೈಜ್ ಮಿ’. ಸರ್ಕಾರಿ ಕಚೇರಿ, ಶಾಲೆಗಳಲ್ಲಿ ನಡೆಯುತ್ತದೆ.

ಗೌರವವೂ ಬೇಕು, ಹಳತು ಎನಿಸಲೂಬಾರದು ಎಂದಾದರೆ: ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಗ್ರಾಂಟ್ ಮಿ ಲೀವ್ ಆನ್ 12 ಅಂಡ್ 13 ಜೂನ್.’ ದಿನಾಂಕ ಸ್ಪಷ್ಟವಾಗಿ ಬಂದದ್ದನ್ನು ನೋಡಿ. ‘ಎರಡು ದಿನ’ ಎಂದು ಬರೆದು ಯಾವ ಎರಡು ದಿನ ಎಂದು ಬರೆಯಲು ಮರೆಯುವವರು, ‘ಒಬ್ಲೈಜ್’ ಬಗ್ಗೆ ತಲೆಕೆಡಿಸಿಕೊಳ್ಳುವವರಿಗಿಂತ ಹೆಚ್ಚು ಸಂಕಟಕ್ಕೆ ಸಿಗುತ್ತಾರೆ.

ಖಾಸಗಿ ಕಂಪನಿಯಲ್ಲಿ, ದಿನವೂ ಮಾತಾಡುವ ಮ್ಯಾನೇಜರಿಗೆ ಆದರೆ ಇಷ್ಟೂ ಬೇಡ. ಕಾರಣ ಒಂದು ಸಾಲು, ದಿನಾಂಕ ಒಂದು ಸಾಲು, ಕೊನೆಗೆ ‘ಥ್ಯಾಂಕ್ ಯು’.

ಎಚ್ಚರಿಕೆ: ‘ಡು ದ ನೀಡ್‌ಫುಲ್ ಅಂಡ್ ಒಬ್ಲೈಜ್’ ಎಂಬ ಜೋಡೆತ್ತು ಭಾರತದಾಚೆ ಓಡುವುದಿಲ್ಲ. ಅಮೆರಿಕದ ಗ್ರಾಹಕರಿಗೆ ಹೀಗೆ ಬರೆದರೆ, ‘ನೀಡ್‌ಫುಲ್’ ಎಂದರೆ ನಿಖರವಾಗಿ ಏನು ಮಾಡಬೇಕು ಎಂದು ಅವರು ತಿರುಗಿ ಕೇಳುತ್ತಾರೆ. ಬೇಕಾದದ್ದನ್ನು ಹೆಸರಿಟ್ಟು ಕೇಳಿ.

ಹಂತ 6: ‘ಒಬ್ಲೈಜ್’ ಮಾಡುವವರು ಯಾರು, ಮಾಡಿಸಿಕೊಳ್ಳುವವರು ಯಾರು

ಇಲ್ಲಿಯವರೆಗೆ ಹೆಚ್ಚಾಗಿ ಕಟ್ಟಿಸಿಕೊಂಡವರ ಕಥೆ. ಕಟ್ಟುವವರ ಕಡೆಯಿಂದ ನೋಡಿದರೆ ‘ಒಬ್ಲೈಜ್’ ಎಂದರೆ ಕೇಳಿದ್ದನ್ನು ನಡೆಸಿಕೊಡುವುದು, ಉಪಕಾರ ಮಾಡುವುದು. ‘ಅಭಿಮಾನಿಗಳು ಒಂದು ಹಾಡು ಕೇಳಿದರು, ಗಾಯಕರು ಒಬ್ಲೈಜ್ ಮಾಡಿದರು’ ಎಂಬಂಥ ವಾಕ್ಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಸಾಮಾನ್ಯ. ಸಹಾಯಕ್ಕೆ ಸದಾ ಮುಂದೆ ಬರುವ ಸ್ವಭಾವದವರು ‘ಒಬ್ಲೈಜಿಂಗ್’, ಕನ್ನಡದಲ್ಲಿ ಪರೋಪಕಾರಿ.

ಅಪಾಯ ಇರುವುದು ‘ಐ’ ಮತ್ತು ‘ಒಬ್ಲೈಜ್’ ಒಟ್ಟಿಗೆ ಬಂದಾಗ. ‘ಐ ವಿಲ್ ಒಬ್ಲೈಜ್ ಯು’ ಎಂದರೆ ‘ನಾನು ನಿಮಗೆ ಉಪಕಾರ ಮಾಡುತ್ತೇನೆ’. ಸಾಲ ಕೇಳುವವರು ವಿನಯದಿಂದ ಹೀಗೆ ಬರೆದರೆ ಹೇಗಿರುತ್ತದೆ ಯೋಚಿಸಿ. ಬರೆಯಬೇಕಿದ್ದದ್ದು ‘ಐ ವಿಲ್ ಬಿ ಒಬ್ಲೈಜ್ಡ್ ಟು ಯು’. ಆ ಚಿಕ್ಕ ‘ಬಿ’, ಕೊನೆಯ ‘ಡಿ’ ಬಿಟ್ಟುಹೋದರೆ ಬೇಡುವವನು ದಾನಿಯಾಗಿಬಿಡುತ್ತಾನೆ.

ಇನ್ನೊಂದು ಸಾಮಾನ್ಯ ತಪ್ಪು ‘ಕೈಂಡ್ಲಿ ಒಬ್ಲೈಜ್ ದ ಸೇಮ್’. ‘ಒಬ್ಲೈಜ್’ ಆದ ಮೇಲೆ ಮನುಷ್ಯರು ಬರಬೇಕು, ವಿಷಯ ಬರಬಾರದು. ಅರ್ಜಿಯನ್ನು ಋಣದಲ್ಲಿ ಕಟ್ಟಲಾಗುವುದಿಲ್ಲ. ವಿಷಯ ಹೇಳಬೇಕಿದ್ದರೆ ‘ವಿತ್’ ಹಾಕಿ: ‘ಒಬ್ಲೈಜ್ ಮಿ ವಿತ್ ಅ ರಿಪ್ಲೈ’.

ಹಂತ 7: ಕಾಗದಪತ್ರದಲ್ಲಿ ‘ಆಬ್ಲಿಗೇಶನ್’ ಕಂಡರೆ ಕನ್ನಡಕ ಹಾಕಿಕೊಳ್ಳಿ

ನಾಮಪದಕ್ಕೆ ಬಂದರೆ ಕೃತಜ್ಞತೆಯ ಬಣ್ಣ ಬಹುಮಟ್ಟಿಗೆ ತೊಳೆದುಹೋಗಿ ಬಾಧ್ಯತೆಯೇ ಉಳಿಯುತ್ತದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 2ನೆಯ ಪ್ರಕರಣ (ಸೆಕ್ಷನ್), ಕಾನೂನಿನ ಮೂಲಕ ಜಾರಿಗೊಳಿಸಬಹುದಾದ ಪ್ರತಿಯೊಂದು ಕರ್ತವ್ಯವೂ ‘ಆಬ್ಲಿಗೇಶನ್’ನಲ್ಲಿ ಸೇರುತ್ತದೆ ಎನ್ನುತ್ತದೆ. ಇಂಥ ಕರ್ತವ್ಯ ತಪ್ಪಿದರೆ ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು ಎಂದು ಓದಿಕೊಳ್ಳಿ.

ನನಗೆ ಇನ್ನೂ ಇಷ್ಟವಾದದ್ದು 1872ರ ಭಾರತೀಯ ಕರಾರು ಕಾಯ್ದೆಯ 70ನೆಯ ಪ್ರಕರಣ. ಒಬ್ಬರು ಇನ್ನೊಬ್ಬರಿಗಾಗಿ ಕಾನೂನುಬದ್ಧವಾಗಿ ಒಂದು ಕೆಲಸ ಮಾಡುತ್ತಾರೆ, ಪುಕ್ಕಟೆಯಾಗಿ ಮಾಡುವ ಉದ್ದೇಶ ಅವರಿಗಿರುವುದಿಲ್ಲ, ಇನ್ನೊಬ್ಬರು ಅದರ ಲಾಭ ಅನುಭವಿಸುತ್ತಾರೆ. ಆಗ ಲಾಭ ಪಡೆದವರು ಪರಿಹಾರ ಕೊಡಬೇಕು, ಇಲ್ಲವೇ ಕೊಟ್ಟ ವಸ್ತುವನ್ನು ಹಿಂದಿರುಗಿಸಬೇಕು. ಆ ಪ್ರಕರಣದ ತಲೆಬರಹದಲ್ಲಿಯೇ ‘ಆಬ್ಲಿಗೇಶನ್’ ಪದವಿದೆ. ಉಪಕಾರ ಮತ್ತು ಬಾಧ್ಯತೆ ಎಂಬ ಎರಡು ಅರ್ಥಗಳು ಕಾನೂನಿನ ಒಂದೇ ಕೋಣೆಯಲ್ಲಿ ಎದುರುಬದುರು ಕುಳಿತಿವೆ. ಪುಕ್ಕಟೆ ಉಪಕಾರಕ್ಕೆ ನೀವು ಬರಿಯ ಆಭಾರಿ, ಪುಕ್ಕಟೆಯಲ್ಲದ್ದಕ್ಕೆ ಬಾಧ್ಯ.

‘ಡ್ಯೂಟಿ’ಗೂ ಇದಕ್ಕೂ ವ್ಯತ್ಯಾಸವೇನು ಎಂದು ಹಲವರು ಕೇಳುತ್ತಾರೆ. ದಿನಬಳಕೆಯಲ್ಲಿ ಗಡಿ ಅಷ್ಟು ಗಟ್ಟಿಯಿಲ್ಲ. ಆದರೂ ಸ್ಥೂಲವಾಗಿ, ನೀವು ಇರುವ ಸ್ಥಾನದಿಂದ ಬರುವುದು ‘ಡ್ಯೂಟಿ’: ತಾಯಿಯದು, ಪೊಲೀಸರದು, ನಾಗರಿಕರದು. 1976ರ 42ನೆಯ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಿಗೆ ಇಂಗ್ಲಿಷಿನಲ್ಲಿ ‘ಡ್ಯೂಟೀಸ್’ ಎಂದೇ ಹೆಸರು. ನೀವು ಮಾಡಿದ ಒಂದು ಕೆಲಸದಿಂದ, ಕೊಟ್ಟ ಮಾತಿನಿಂದ, ಹಾಕಿದ ಸಹಿಯಿಂದ ಹುಟ್ಟುವುದು ‘ಆಬ್ಲಿಗೇಶನ್’.

ಸಾಲದ ಅರ್ಜಿಯಲ್ಲಿ ‘ಎಕ್ಸಿಸ್ಟಿಂಗ್ ಆಬ್ಲಿಗೇಶನ್ಸ್’ ಎಂಬ ಕಲಂ ಇದ್ದರೆ ಅಲ್ಲಿ ವಯಸ್ಸಾದ ತಂದೆ ತಾಯಿ, ಮಕ್ಕಳ ಓದು ಎಂದು ಬರೆಯುವವರಿದ್ದಾರೆ. ಮನಸ್ಸು ದೊಡ್ಡದು, ಕಲಂ ತಪ್ಪು. ನೀವು ಈಗಾಗಲೇ ತಿಂಗಳು ತಿಂಗಳು ಕಟ್ಟುತ್ತಿರುವ ಸಾಲದ ಕಂತುಗಳನ್ನು ಅದು ಕೇಳುತ್ತಿದೆ: ವಾಹನದ್ದು, ಚಿನ್ನದ ಮೇಲಿನದು, ಕ್ರೆಡಿಟ್ ಕಾರ್ಡಿನ ಬಾಕಿ. ನಿಮ್ಮ ಆದಾಯದಲ್ಲಿ ಇವುಗಳ ಪಾಲು ಎಷ್ಟೆಂದು ನೋಡಿಯೇ ಹೊಸ ಸಾಲದ ಮೊತ್ತ ನಿರ್ಧಾರವಾಗುವುದು. ಮುಚ್ಚಿಟ್ಟರೆ ಸಾಲದ ಇತಿಹಾಸದ ವರದಿಯಲ್ಲಿ ಸಿಕ್ಕಿಬೀಳುತ್ತೀರಿ.

ಜಾಹೀರಾತಿನ ‘ವಿತೌಟ್ ಆಬ್ಲಿಗೇಶನ್’ ಎಂದರೆ ‘ಕೊಳ್ಳಲೇಬೇಕೆಂಬ ಕಟ್ಟಿಲ್ಲ’ ಎಂದು. ಆದರೆ ಅದನ್ನು ಓದಿ ಕಾರ್ಡಿನ ವಿವರ ಕೊಟ್ಟು, ಉಚಿತ ಅವಧಿ ಮುಗಿದ ಮೇಲೆ ತಾನೇ ಹಣ ಕಡಿತವಾಗುವ ಷರತ್ತಿಗೆ ಒಪ್ಪಿದ್ದರೆ, ಕಟ್ಟು ಅಲ್ಲಿಯೇ ಸಣ್ಣಕ್ಷರದಲ್ಲಿ ಬಿದ್ದಿರುತ್ತದೆ.

ಹಂತ 8: ಕಾಗುಣಿತ, ಉಚ್ಚಾರಣೆ

ಬೇಗ ಮುಗಿಸೋಣ. ‘ಒಬ್ಲೈಜ್’ ಬರೆಯುವಾಗ ಅಕ್ಷರಗಳು ಓ, ಬಿ, ಎಲ್, ಐ, ಜಿ, ಇ. ‘ಜಿ’ ಹಿಂದೆ ‘ಡಿ’ ತೂರಿಸಬೇಡಿ. ‘ಬ್ರಿಜ್’ ಪದದ ಕಾಗುಣಿತ ನೋಡಿ ಹಾಗೆ ಬರೆಯುವವರು ಬಹಳ. ‘ಡಿ’ ಬರುವುದು ಕಟ್ಟಕಡೆಗೆ, ‘ಒಬ್ಲೈಜ್ಡ್’ ಆದಾಗ ಮಾತ್ರ. ಬಾಯಲ್ಲಿ ಅದು ನುಂಗಿಹೋಗುವುದರಿಂದಲೇ ‘ಮಚ್ ಒಬ್ಲೈಜ್’ ಎಂದು ಬರೆಯುವ ತಪ್ಪು ಹುಟ್ಟಿದೆ.

ಮೊದಲ ಸ್ವರವನ್ನು ತೇಲಿಸಿ ‘ಅಬ್ಲೈಜ್ಡ್’ ಎಂಬಂತೆ ಹೇಳಿ, ಒತ್ತು ‘ಬ್ಲೈ’ ಮೇಲೆ. ಕ್ರಿಯಾಪದದಲ್ಲಿ ‘ಜ’ ಧ್ವನಿ, ‘ಆಬ್ಲಿಗೇಶನ್’, ‘ಅಬ್ಲಿಗಟರಿ’ಗಳಲ್ಲಿ ‘ಗ’ ಧ್ವನಿ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಶಿಷ್ಟರೇ ಫ್ರೆಂಚರಂತೆ ‘ಒಬ್ಲೀಜ್’ ಎನ್ನುತ್ತಿದ್ದ ಕಾಲವೊಂದಿತ್ತು. ಈಗ ಆ ಉಚ್ಚಾರಣೆ ಉಳಿದಿರುವುದು ಫ್ರೆಂಚಿನಿಂದ ಹಾಗೆಯೇ ಎತ್ತಿಕೊಂಡ ‘ನೊಬ್ಲೆಸ್ ಒಬ್ಲೀಜ್’ ಎಂಬ ಮಾತಿನಲ್ಲಿ. ಉನ್ನತ ಸ್ಥಾನದಲ್ಲಿರುವವರಿಗೆ ಹೊಣೆಯೂ ಹೆಚ್ಚು ಎಂದು ಅದರ ಅರ್ಥ. ಅಮೆರಿಕನ್ನರಲ್ಲಿ ‘ಆಬ್ಲಿಗೇಟೆಡ್’ ಎಂಬ ರೂಪ ಹೆಚ್ಚು ಕೇಳಿಬರುತ್ತದೆ. ಅದು ಬಾಧ್ಯತೆಗೆ ಸರಿ. ಕೃತಜ್ಞತೆ ಹೇಳಲು ಮಾತ್ರ ಅದನ್ನು ಬಳಸಬೇಡಿ. ‘ನಿಮ್ಮ ಹಂಗಿಗೆ ಬಿದ್ದೆನಲ್ಲ’ ಎಂದು ಗೊಣಗಿದಂತಾದೀತು.

ಕೊನೆಯ ಪ್ರಶ್ನೆ: ಯಾರಾದರೂ ನಿಮಗೆ ‘ಮಚ್ ಒಬ್ಲೈಜ್ಡ್’ ಎಂದರೆ ತಿರುಗಿ ಏನು ಹೇಳುವುದು? ‘ಸೇಮ್ ಟು ಯು’ ಬೇಡವೇ ಬೇಡ, ಅದು ಹಬ್ಬದ ಶುಭಾಶಯಕ್ಕೆ. ‘ನಾಟ್ ಅಟ್ ಆಲ್’ ಎಂದರೆ ಸಾಕು. ಕನ್ನಡದ ‘ಅಯ್ಯೋ, ಅದರಲ್ಲೇನಿದೆ ಬಿಡಿ’ ಎಂಬ ಮಾತಿಗೆ ಸರಿಜೋಡಿ. ಸ್ವಲ್ಪ ಗತ್ತು ಬೇಕೆಂದಿದ್ದರೆ ‘ಗ್ಲ್ಯಾಡ್ ಟು ಒಬ್ಲೈಜ್’ ಎನ್ನಬಹುದು. ಅಲ್ಲಿ ಕೊನೆಗೆ ‘ಡಿ’ ಇಲ್ಲ, ಕಟ್ಟಿದವರು ಈ ಸಲ ನೀವು.